ಯೂಟಾದ ಹಳೇ ರೈಲು ದಾರಿಗೆ ಬಾಡಿಗೆ ಕಾರು ಇಳಿಸಬೇಡಿ

ಕ್ಯಾಲಿಫೋರ್ನಿಯಾದಿಂದ ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಅಂತ ಕಾರಿನಲ್ಲಿ ಹೊರಡುವವರು, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಕಳೆದ ಜುಲೈನಲ್ಲಿ ನಾನು ಮಾಡಿದ ತಪ್ಪು ನೀವು ಮಾಡುವುದು ಬೇಡ.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ನೋಡಬೇಕಿದ್ದದ್ದು ಯೂಟಾದ ಪ್ರೊಮಾಂಟರಿ ಸಮಿಟ್. 1869ರ ಮೇ 10ರಂದು ಯೂನಿಯನ್ ಪೆಸಿಫಿಕ್, ಸೆಂಟ್ರಲ್ ಪೆಸಿಫಿಕ್ ಎಂಬ ಎರಡು ರೈಲು ಕಂಪನಿಗಳ ಹಳಿಗಳು ಕೂಡಿ, ಅಮೆರಿಕವನ್ನು ಅಡ್ಡ ಹಾಯುವ ಮೊದಲ ರೈಲು ದಾರಿ ಪೂರ್ತಿಯಾದ ಜಾಗ ಅದು. ನೆವಾಡಾ ದಾಟಿ ಯೂಟಾದ ಲೂಸಿನ್ ಅನ್ನುವ ಜಾಗದ ಹತ್ತಿರ ಬಂದಾಗ, ಆ ಹಳೇ ರೈಲು ದಾರಿಯೇ ಈಗ ಮಣ್ಣುರಸ್ತೆಯಾಗಿ ಸುಮಾರು 90 ಮೈಲಿ ಪೂರ್ವಕ್ಕೆ ಹೋಗುವುದು ಮ್ಯಾಪಿನಲ್ಲಿ ಕಂಡಿತು. "ರೈಲು ಹೋದ ದಾರಿಯಲ್ಲೇ ಹೋಗೋಣಪ್ಪಾ" ಅಂದೆ. ಅಪ್ಪನ ಮುಖ ಅರಳಿತು.

1904ರಲ್ಲಿ ಗ್ರೇಟ್ ಸಾಲ್ಟ್ ಲೇಕ್ ಎಂಬ ದೊಡ್ಡ ಉಪ್ಪುನೀರಿನ ಸರೋವರವನ್ನೇ ಅಡ್ಡ ಹಾಯುವ ಹೊಸ ಮಾರ್ಗ ಬಂದಮೇಲೆ ಈ ದಾರಿ ಮೂಲೆಗೆ ಬಿತ್ತು. 1942ರಲ್ಲಿ ಯುದ್ಧಕ್ಕೆ ಕಬ್ಬಿಣ ಬೇಕೆಂದು ಹಳಿ ಕಿತ್ತರು. ಹಳಿಯನ್ನು ಮರದ ದಿಮ್ಮಿಗೆ ಬಿಗಿಯುವ ದಪ್ಪ ಮೊಳೆಗಳು, ಅಂದರೆ ಸ್ಪೈಕುಗಳು, ಎಲ್ಲವೂ ಹೋಗಲಿಲ್ಲ. ನನಗೆ ತಿಳಿಯದೇ ಇದ್ದದ್ದು ಇದೇ. ತುಕ್ಕು ಹಿಡಿದ ಸ್ಪೈಕುಗಳು ಜಲ್ಲಿಯ ಬಣ್ಣಕ್ಕೇ ತಿರುಗಿ ಮಣ್ಣಿನಲ್ಲಿ ಹುದುಗಿರುತ್ತವೆ. ಓಡುವ ಕಾರಿನಿಂದ ಕಾಣುವುದೇ ಇಲ್ಲ.

ಟೆರೇಸ್ ಅನ್ನುವ ಪಾಳು ಊರು ಸಿಗುತ್ತದೆ. ರೈಲು ಕಟ್ಟಲು ಬಂದ ಚೀನೀ ಕಾರ್ಮಿಕರು ಅಲ್ಲಿ ಬದುಕಿದ್ದರು. ಅದನ್ನು ದಾಟಿ ಸ್ವಲ್ಪ ದೂರಕ್ಕೆ ಮುಂದಿನ ಎಡ ಟೈರು ಒಡೆಯಿತು. ಇಳಿದು ನೋಡಿದರೆ ಹಿಂದಿನದೂ ಪಕ್ಕಕ್ಕೆ ಸೀಳಿತ್ತು. ಅಪ್ಪ ಬಗ್ಗಿ ನೋಡಿ, "ಡಾಗ್ ಸ್ಪೈಕ್. ಪಂಕ್ಚರ್ ಅಲ್ಲೋ ಇದು, ಟೈರೇ ಹೋತು" ಅಂದರು.

ಡಿಕ್ಕಿ ತೆರೆದರೆ ಸ್ಟೆಪ್ನಿಯೇ ಇಲ್ಲ! ಗಾಳಿ ತುಂಬುವ ಪುಟ್ಟ ಪಂಪು, ಒಂದು ಬಾಟಲಿ ಅಂಟು, ಅಷ್ಟೆ. ಸೀಳಿದ ಟೈರಿಗೆ ಅದರಿಂದ ಏನೂ ಆಗದು. ಫೋನಿಗೆ ಸಿಗ್ನಲ್ ಇಲ್ಲ, ಕಣ್ಣಿಗೆ ಕಾಣುವಷ್ಟು ದೂರ ಒಂದು ಮರವಿಲ್ಲ. ನಾಲ್ಕು ಜನಕ್ಕೆ ಮೂರು ಬಾಟಲಿ ನೀರು. ಅಮ್ಮನಿಗೆ ಬಿಪಿ ಬೇರೆ. ಪೆಟ್ರೋಲು ಮುಗಿದೀತೆಂದು ಎಸಿಯನ್ನು ಆಗಾಗ ಮಾತ್ರ ಹಾಕುತ್ತ ಕೂತೆವು. ನಾಲ್ಕು ತಾಸಿನ ಮೇಲೆ ದನ ಸಾಕುವವರೊಬ್ಬರ ಪಿಕಪ್ ಬಂತು. "ಎರಡು ಸ್ಟೆಪ್ನಿ ಇಲ್ಲದೆ ನಾನೇ ಈ ಕಡೆ ಬರುವುದಿಲ್ಲ" ಅಂದರು ಅವರು. ಅವರು ಬರದಿದ್ದರೆ ರಾತ್ರಿ ಅಲ್ಲೇ.

ಬಾಡಿಗೆ ಕಂಪನಿ ಕಾಗದ ತೋರಿಸಿತು: ಟಾರಿಲ್ಲದ ರಸ್ತೆಗೆ ಇಳಿಸಿದರೆ ವಿಮೆಯೂ ಇಲ್ಲ, ರಸ್ತೆಯಲ್ಲಿ ನೆರವೂ ಇಲ್ಲ. ಟೋಯಿಂಗ್, ಟೈರು ಸೇರಿ 1,850 ಡಾಲರ್ ಕೈಯಿಂದ ಹೋಯಿತು. ಸಹಿ ಹಾಕುವ ಮೊದಲು ಆ ಸಾಲು ಓದಿ, ಡಿಕ್ಕಿಯನ್ನೂ ತೆರೆದು ನೋಡಿ.

ಪ್ರೊಮಾಂಟರಿಗೆ ಒಳ್ಳೆಯ ಟಾರು ರಸ್ತೆಯೇ ಇದೆ. ಬ್ರಿಗಮ್ ಸಿಟಿಯಿಂದ ಕೊರಿನ್ ಮೇಲೆ 32 ಮೈಲಿ. ನೆವಾಡಾ ಕಡೆಯಿಂದ ಬರುವವರು ಯೂಟಾದ 30ನೇ ಹೆದ್ದಾರಿಯ ಟಾರು ಬಿಡದೆ ಇಂಟರ್‌ಸ್ಟೇಟ್ 84 ಸೇರಿಕೊಳ್ಳಿ. ಹಳೇ ದಾರಿ ನೋಡಲೇಬೇಕು ಅನ್ನುವವರು ಎತ್ತರದ ಸ್ವಂತ ಗಾಡಿ, ಎರಡು ಸ್ಟೆಪ್ನಿ, ಧಾರಾಳ ನೀರು, ಉಪಗ್ರಹ ಫೋನು ಇಟ್ಟುಕೊಂಡೇ ಹೋಗಿ. ನಡುವೆ ಬರುವ ಮರದ ಸೇತುವೆಗಳ ಮೇಲಂತೂ ಗಾಡಿ ಹತ್ತಿಸಲೇಬೇಡಿ, ಪಕ್ಕದ ಬಳಸುದಾರಿ ಹಿಡಿಯಿರಿ.

ಟೀಟನ್ನಿನ ಬುಕಿಂಗ್ ಕೈತಪ್ಪಿತು. ಪ್ರೊಮಾಂಟರಿಗೆ ಮುಟ್ಟಿದ್ದು ಮೂರನೇ ದಿನ. 1869ರ ಆ ದಿನ ಅಲ್ಲಿ ಎದುರುಬದುರು ನಿಂತಿದ್ದ ಜೂಪಿಟರ್ ಮತ್ತು 119 ಎಂಬ ಎಂಜಿನ್‌ಗಳ ಪ್ರತಿಕೃತಿಗಳ ಮುಂದೆ ಅಪ್ಪ ತುಂಬಾ ಹೊತ್ತು ನಿಂತರು. ಅಮ್ಮ ಕಾರಿನಿಂದ ಇಳಿಯಲೇ ಇಲ್ಲ.