ಮುಂಬೈಯಲ್ಲಿ ಎಂಡೊಮೆಟ್ರಿಯೋಸಿಸ್ ಟ್ರಯಲ್‌ಗೆ ಸೇರಿದ್ದೆ, ನನ್ನ ರಿವ್ಯೂ

ಡೊಂಬಿವಲಿ, ಠಾಣೆ ಕಡೆ ಇರೋ ನಮ್ಮ ಕನ್ನಡದೋರು ಸುಮಾರು ಜನ ಕೇಳ್ತಾನೇ ಇದಾರೆ, ಟ್ರಯಲ್ (ಹೊಸ ಔಷಧಿ ಪರೀಕ್ಷೆ) ಅಂದ್ರೆ ನಮ್ಮ ಮೇಲೆ ಪ್ರಯೋಗ ಮಾಡ್ತಾರಂತೆ ಹೌದಾ, ದುಡ್ಡು ಕೊಡ್ತಾರಾ, ಸೇರಬಹುದಾ ಅಂತ. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೀತಿದೀನಿ. ಆಸ್ಪತ್ರೆ ಹೆಸರು ಹಾಕಲ್ಲ, ಸ್ಟಡಿ ಇನ್ನೂ ನಡೀತಿದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ನಾಲ್ಕು ಯಾಕೆ ಅಂದ್ರೆ, ಇಷ್ಟು ವರ್ಷದಲ್ಲಿ ನನ್ನ ಹೊಟ್ಟೆನೋವಿನ ಬಗ್ಗೆ ಯಾರಾದ್ರೂ ಕೂತು ಕೇಳಿದ್ದು ಅಂದ್ರೆ ಇಲ್ಲೇ. ಎಂಡೊಮೆಟ್ರಿಯೋಸಿಸ್ ಅಂದ್ರೆ ಗರ್ಭಕೋಶದ ಒಳಪದರದ ಥರದ್ದೇ ಅಂಗಾಂಶ ಗರ್ಭಕೋಶದ ಹೊರಗಡೆ ಬೆಳೆಯೋ ಕಾಯಿಲೆ, ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಜನಕ್ಕೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ, ಆದ್ರೂ ಮನೇಲಿ ಎಲ್ರೂ ಮುಟ್ಟಿನ ನೋವು ಯಾರಿಗಿಲ್ಲ, ಒಂದು ಮಗು ಆದ್ರೆ ಸರಿಹೋಗುತ್ತೆ ಅಂದ್ಬಿಟ್ಟು ಸುಮ್ಮನಾಗ್ತಾರೆ. ಓಪಿಡಿಯಲ್ಲಿ ಡಾಕ್ಟ್ರಿಗೆ ಮುಖ ನೋಡೋಕೂ ಟೈಮ್ ಇರಲ್ಲ. ಟ್ರಯಲ್ ರೂಮಲ್ಲಿ ಮಾತ್ರ ನೋವು ಯಾವಾಗ ಶುರು ಆಯ್ತು, ಕೆಲಸಕ್ಕೆ ಎಷ್ಟು ದಿನ ರಜೆ ಹಾಕಿದ್ರಿ, ಗಂಡನ ಜೊತೆ ಸೇರುವಾಗ ನೋವಾಗುತ್ತಾ, ಎಲ್ಲಾನೂ ಕೇಳಿ ಬರ್ಕೊಂಡ್ರು. ಆ ಕೊನೇ ಪ್ರಶ್ನೆನ ಅದಕ್ಕೂ ಮುಂಚೆ ಒಬ್ಬ ಡಾಕ್ಟ್ರೂ ಕೇಳಿರಲಿಲ್ಲ.

ಕೋಆರ್ಡಿನೇಟರ್ ಮರಾಠಿ ಹುಡುಗಿ, ಚಿನ್ನದಂಥ ಹುಡುಗಿ. ಕನ್ಸೆಂಟ್ ಫಾರ್ಮನ್ನ, ಅಂದ್ರೆ ಒಪ್ಪಿಗೆ ಪತ್ರನ, ನನ್ನ ಎದುರಿಗೆ ಕೂತು ಒಂದೊಂದೇ ಪುಟ ಓದಿಸಿದ್ಲು, ಅಕ್ಕಾ ಅರ್ಜೆಂಟ್ ಇಲ್ಲ, ಮನೆಗೆ ತಗೊಂಡ್ಹೋಗಿ ಯಜಮಾನ್ರಿಗೂ ತೋರಿಸಿ ಅಂದ್ಲು, ಆಮೇಲೇ ಸೈನ್. ಒಂದು ಕಾಪಿ ನಮಗೆ ಕೊಡಲೇಬೇಕು, ಕೊಡ್ಲಿಲ್ಲ ಅಂದ್ರೆ ಕೇಳಿ ತಗೊಳ್ಳಿ. ಅದ್ರಲ್ಲಿ ಡಾಕ್ಟ್ರ ನಂಬರೂ ಇರುತ್ತೆ, ಟ್ರಯಲ್ ಸರಿಯಾಗಿ ನಡೀತಿದೆಯಾ ಅಂತ ನೋಡೋ ಎಥಿಕ್ಸ್ ಕಮಿಟಿ ನಂಬರೂ ಇರುತ್ತೆ. ಆ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟು ಜನ ಆಸ್ಪತ್ರೆಗೆ ಸಂಬಂಧ ಇಲ್ಲದೋರಾಗಿರಬೇಕು, ಒಬ್ಬ ಹೆಂಗಸಾದ್ರೂ ಇರಬೇಕು, ಇದು 2019ರ ಕ್ಲಿನಿಕಲ್ ಟ್ರಯಲ್ಸ್ ರೂಲ್ಸಲ್ಲೇ ಇದೆ. ಔಷಧಿಯಿಂದ ಏನಾದ್ರೂ ತೊಂದ್ರೆ ಆದ್ರೆ ಚಿಕಿತ್ಸೆ ಫ್ರೀ, ಹೆಚ್ಚುಕಮ್ಮಿ ಆದ್ರೆ ಪರಿಹಾರನೂ ಇದೆ. ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು, ಯಾಕೆ ಅಂತ ಹೇಳೋದೂ ಬೇಡ.

ನಂದ್ರಲ್ಲಿ ಒಂದು ಗುಂಪಿಗೆ ಹೊಸ ಮಾತ್ರೆ, ಇನ್ನೊಂದಕ್ಕೆ ಈಗಾಗ್ಲೇ ಮೆಡಿಕಲ್ ಶಾಪಲ್ಲಿ ಸಿಗೋ ಮಾತ್ರೆ. ಯಾರಿಗೆ ಯಾವುದು ಅನ್ನೋದು ನಮಗೂ ಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ. ಪ್ರತಿ ವಿಸಿಟ್‌ಗೂ ಖಾಲಿ ಸ್ಟ್ರಿಪ್‌ಗಳನ್ನ ವಾಪಸ್ ತಗೊಂಡು ಹೋಗಬೇಕು, ಆ ಹುಡುಗಿ ಟೇಬಲ್ ಮೇಲೆ ಸಾಲಾಗಿ ಜೋಡಿಸಿ ಉಳಿದ ಮಾತ್ರೆ ಎಣಿಸಿ ಬರ್ಕೊಳ್ತಾಳೆ. ಮನೇಲಿ ಡೈರಿ, ದಿನಾ ರಾತ್ರಿ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ನಂಬರ್ ಹಾಕಬೇಕು, ಬ್ಲೀಡಿಂಗ್ ಎಷ್ಟು, ಪೇನ್‌ಕಿಲ್ಲರ್ ತಗೊಂಡ್ರಾ ಅಂತ ಟಿಕ್ ಹಾಕಬೇಕು. ಹೋದಾಗೆಲ್ಲ ಯೂರಿನ್ ಪ್ರೆಗ್ನೆನ್ಸಿ ಟೆಸ್ಟ್ ಇದ್ದೇ ಇರುತ್ತೆ, ಕಾಂಡೋಮ್ ಥರದ್ದು ಏನಾದ್ರೂ ಬಳಸ್ತೀವಿ ಅಂತ ಒಪ್ಕೊಬೇಕು, ಹಂಗಾಗಿ ಸದ್ಯಕ್ಕೆ ಮಗು ಬೇಕು ಅಂತಿರೋರು ಸೇರೋಕಾಗಲ್ಲ. ಇದು ಕಿರಿಕಿರಿ ಅನ್ಸುತ್ತೆ ನಿಜ. ಆದ್ರೆ ಹೊಟ್ಟೇಲಿರೋ ಮಗುಗೆ ತೊಂದ್ರೆ ಆಗುತ್ತೇನೋ ಅನ್ನೋ ಭಯದಿಂದ ಅಮೆರಿಕದಲ್ಲಿ 1977ರಿಂದ 1993ರವರೆಗೆ ಮಕ್ಕಳಾಗೋ ವಯಸ್ಸಿನ ಹೆಂಗಸರನ್ನ ಶುರುವಿನ ಹಂತದ ಟ್ರಯಲ್‌ಗಳಿಂದ ಹೊರಗಿಡಿ ಅಂತ ಸರ್ಕಾರದ್ದೇ ಗೈಡ್‌ಲೈನ್ ಇತ್ತು, ಗಂಡಸರ ಮೇಲೆ ನೋಡಿದ ಡೋಸನ್ನೇ ನಮಗೂ ಕೊಡ್ತಿದ್ರು. ಹೊರಗಿಡೋದಕ್ಕಿಂತ ಟೆಸ್ಟ್ ಮಾಡಿ ಸೇರಿಸ್ಕೊಳ್ಳೋದು ಎಷ್ಟೋ ಮೇಲು.

ನಮ್ಮ ಮುಂಬೈ ಹೆಂಗಸರು ಈ ವಿಷಯದಲ್ಲಿ ಹಿಂದೆ ಬಿದ್ದೋರಲ್ಲ. ಇಲ್ಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನೋರು 1998ರಲ್ಲಿ ಶುರು ಮಾಡಿದ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಸ್ಟಡಿಯಲ್ಲಿ ಇಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರು ಇದ್ರು. ಹತ್ತನೇ ಕ್ಲಾಸ್ ಓದಿದ ಹೆಣ್ಮಕ್ಕಳಿಗೆ ಟ್ರೈನಿಂಗ್ ಕೊಟ್ಟು, ಒಂದು ಗುಂಪಿನೋರಿಗೆ ವಿನೆಗರ್‌ನಲ್ಲಿ ಇರೋ ಆಸಿಡ್ ಹಚ್ಚಿ ಬಿಳಿ ಮಚ್ಚೆ ಬರುತ್ತಾ ಅಂತ ನೋಡ್ಸಿದ್ರು ಅಷ್ಟೇ, ಆ ಗುಂಪಲ್ಲಿ ಈ ಕ್ಯಾನ್ಸರಿನ ಸಾವು 31% ಕಡಿಮೆ ಆಯ್ತು. ಆದ್ರೆ ಇನ್ನೊಂದು ಗುಂಪಿನೋರಿಗೆ ತಿಳುವಳಿಕೆ ಮಾತು ಬಿಟ್ರೆ ಟೆಸ್ಟ್ ಸಿಗಲಿಲ್ಲ, ಅದಕ್ಕೆ ಟೀಕೆನೂ ಬಂತು, ಸರಿಯಾದ ಟೀಕೆನೇ. ಅದಕ್ಕೇ ನಾನು ಹೇಳೋದು, ಎರಡನೇ ಗುಂಪಲ್ಲಿ ಬಿದ್ರೆ ನನಗೆ ಏನು ಸಿಗುತ್ತೆ ಅಂತ ಮೊದಲೇ ಬಾಯ್ಬಿಟ್ಟು ಕೇಳಿ.

ಇನ್ನು ಒಂದು ಸ್ಟಾರ್ ಕಟ್ ಮಾಡಿದ್ದು. ಖಾಲಿ ಹೊಟ್ಟೇಲಿ ಬನ್ನಿ ಅಂತಾರೆ, ಬೆಳಗಿನ ಫಾಸ್ಟ್ ಲೋಕಲ್ಲಲ್ಲಿ ನಿಂತ್ಕೊಂಡು ಹೋಗಿ ನೋಡಿದ್ರೆ ರಕ್ತ ಕೊಡೋಕೆ ಓಪಿಡಿಯೋರ ಜೊತೆಗೇ ಕ್ಯೂ, ತಲೆ ಸುತ್ತಿ ಬೀಳೋದೊಂದು ಬಾಕಿ. ಟ್ರಯಲ್‌ನೋರಿಗೆ ಒಂದು ಬೇರೆ ಕೌಂಟರ್ ಇಡಬಹುದಿತ್ತು. ಓಡಾಟದ ಖರ್ಚು ಕೊಡ್ತಾರೆ, ಆದ್ರೆ ಓಚರ್‌ಗೆ ಸೈನ್ ಹಾಕ್ಸಿಕೊಂಡು ದುಡ್ಡು ಮುಂದಿನ ಸಲ ಅಂತ ತಳ್ತಾ ಇದ್ರು. ಮನೆಕೆಲಸ ಮಾಡೋ ಒಬ್ಬ ಅಕ್ಕ ಇದೇ ಕಾರಣಕ್ಕೆ ಮಧ್ಯದಲ್ಲೇ ಬಿಟ್ಟೋದ್ರು, ಅದು ನನಗೆ ತುಂಬಾ ಬೇಜಾರಾಯ್ತು, ಅವರ ದಿನದ ಸಂಬಳ ಬೇರೆ ಕಟ್ ಆಗ್ತಿತ್ತು.

ಎಲ್ಲಕ್ಕಿಂತ ದೊಡ್ಡ ದೂರು ಇದು. ನನ್ನ ನೋವು ನಿಜವಾಗ್ಲೂ ಕಮ್ಮಿ ಆಗಿತ್ತು, ಡೈರಿಯಲ್ಲಿ ಏಳು ಎಂಟು ಹಾಕ್ತಿದ್ದೋಳು ಎರಡು ಮೂರಕ್ಕೆ ಬಂದಿದ್ದೆ. ನನ್ನ ಪಾಲಿನ ಟ್ರಯಲ್ ಮುಗೀತು, ಮಾತ್ರೆ ನಿಂತೋಯ್ತು. ಬೇರೆ ಔಷಧಿ ಇಲ್ಲದೇ ಇದ್ದು, ಇದರಿಂದ ಉಪಯೋಗ ಆಗಿದ್ದು, ಡಾಕ್ಟ್ರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದ್ರೆ ಮಾತ್ರ ಆಮೇಲೂ ಫ್ರೀಯಾಗಿ ಕೊಡ್ತಾರಂತೆ, ನಮ್ಮ ಕಾಯಿಲೆಗೆ ಬೇರೆ ಮಾತ್ರೆ ಇದೆಯಲ್ಲ, ಹಂಗಾಗಿ ಇಲ್ಲ. ರೂಲ್ ಅರ್ಥ ಆಗುತ್ತೆ, ಆದ್ರೆ ಅದನ್ನ ಕೊನೇ ದಿನ ಹೇಳೋದಾ? ಶುರುವಲ್ಲೇ ಕೂರಿಸಿ ಹೇಳಬೇಕಿತ್ತು.

ಸೇರೋರು ಮೊದಲು, ದೇಶದ ಟ್ರಯಲ್‌ಗಳನ್ನ ದಾಖಲು ಮಾಡೋ ಸರ್ಕಾರಿ ಸಿಟಿಆರ್‌ಐ ವೆಬ್‌ಸೈಟಲ್ಲಿ ಆ ಸ್ಟಡಿ ರಿಜಿಸ್ಟರ್ ಆಗಿದೆಯಾ ನೋಡ್ಕೊಳ್ಳಿ, 2009ರಿಂದ ಅದು ಕಡ್ಡಾಯ, ಯಾರು ಬೇಕಾದ್ರೂ ನೋಡಬಹುದು, ಆಸ್ಪತ್ರೆ ಹೆಸರೂ ಅಲ್ಲೇ ಇರುತ್ತೆ. ಆ ರಿಜಿಸ್ಟ್ರೇಷನ್ ನಂಬರ್ ಕೊಡೋಕೆ ಹಿಂದೆಮುಂದೆ ನೋಡೋ ಕಡೆ ಸೈನ್ ಹಾಕಲೇಬೇಡಿ. ಸ್ಕ್ಯಾನ್, ಬ್ಲಡ್ ರಿಪೋರ್ಟ್ ಎಲ್ಲದರ ಜೆರಾಕ್ಸ್ ಆಗಿಂದಾಗಲೇ ಇಸ್ಕೊಳ್ಳಿ, ಆಮೇಲೆ ನಿಮ್ಮ ಮಾಮೂಲಿ ಗೈನಕಾಲಜಿಸ್ಟ್‌ಗೆ ತೋರಿಸೋಕೆ ಬೇಕಾಗುತ್ತೆ, ನಂದು ಅದೇ ಫೈಲ್ ಇಟ್ಕೊಂಡು ಈಗ ಟ್ರೀಟ್‌ಮೆಂಟ್ ನಡೀತಿದೆ.