ಮೂರೂವರೆ ಲಕ್ಷದ ಸಸ್ಪೆನ್ಷನ್: ಹಳೆಯ ಬಾಕ್ಸ್‌ಸ್ಟರ್, ಹಾಸನದ ಒಂದು ಗ್ಯಾರೇಜು

ಮೊತ್ತವನ್ನು ಮೊದಲೇ ಹೇಳಿಬಿಡುತ್ತೇನೆ: 3,54,500 ರೂಪಾಯಿ. ನನ್ನ 2010ರ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ನಾಲ್ಕೂ ಚಕ್ರಗಳ ಸಸ್ಪೆನ್ಷನ್ ಕೆಲಸವನ್ನು ಹಾಸನದ ಗ್ಯಾರೇಜೊಂದರಲ್ಲಿ ಮಾಡಿಸಿದ್ದಕ್ಕೆ ಬಿಡಿಭಾಗ, ಕೂಲಿ, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ ತಗುಲಿದ ಖರ್ಚು ಇದು. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪ್ ಕೊಟ್ಟಿದ್ದ ಅಂದಾಜು ಪಟ್ಟಿ 6,80,000 ರೂಪಾಯಿಯದು. ಅದರಲ್ಲಿ ನಾಲ್ಕು ಸ್ಪ್ರಿಂಗುಗಳೂ ಸೇರಿದ್ದವು. ಒಂದೂ ಮುರಿದಿಲ್ಲ, ಕುಗ್ಗಿಲ್ಲ, ಮತ್ತೇಕೆ ಬದಲಿಸಬೇಕು ಎಂದು ಕೇಳಿದರೆ ‘ಹಳೆಯದಾಯಿತಲ್ಲ ಮೇಡಂ’ ಎಂದರು. ಹಳೆಯದಾದದ್ದೇ ಕಾರಣವಾದರೆ ನಮ್ಮ ತೋಟದ ಅರ್ಧ ಸಾಮಾನನ್ನು, ಜೊತೆಗೆ ನನ್ನನ್ನೂ, ಬದಲಿಸಬೇಕಾಗುತ್ತದೆ.

ಹಾಸನದ ಗ್ಯಾರೇಜಿನ ಹೆಸರು ಬರೆಯುತ್ತಿಲ್ಲ. ಮಾಲೀಕರೇ ಬೇಡವೆಂದರು, ಈಗಿರುವ ಕೆಲಸಕ್ಕೇ ಜನ ಸಾಲುತ್ತಿಲ್ಲವಂತೆ. ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗಿದೆ. ಎರಡು ಲಿಫ್ಟ್, ಕಾರಿನ ಕೆಳಗಿಳಿದು ಕೆಲಸ ಮಾಡಲು ಒಂದು ಗುಂಡಿ, ತಗಡಿನ ಮಾಡು, ಕೆಲಸ ಕಲಿಯುತ್ತಿರುವ ಮೂವರು ಹುಡುಗರು. ಹೊರಗೆ ನಿಂತಿರುವುದೆಲ್ಲ ಬೊಲೆರೊ ಮತ್ತು ಸ್ವಿಫ್ಟ್. ಅಲ್ಲಿಗೆ ಪೋರ್ಷೆ ಒಯ್ಯುವ ಧೈರ್ಯ ಬಂದದ್ದು ಮಾಲೀಕರು ಹಿಂದೆ ರ‍್ಯಾಲಿ ತಂಡಗಳ ಜೊತೆ ಕೆಲಸ ಮಾಡಿದವರು ಎಂದು ತಿಳಿದ ಮೇಲೆ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ತೋಟದ ರಸ್ತೆಗಳಲ್ಲಿ ನಡೆದದ್ದು ಇಲ್ಲಿನ ಹಲವರಿಗೆ ನೆನಪಿರಬೇಕು. ಆ ಮಣ್ಣಿನ ರಸ್ತೆಗಳಲ್ಲಿ ರಾತ್ರೋರಾತ್ರಿ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಕಂಬ) ಬಿಚ್ಚಿ ಕಟ್ಟಿದ ಕೈಗಳಿಗೆ ಜರ್ಮನ್ ಕಾರಿನ ಭಯವಿರುವುದಿಲ್ಲ.

ಕಾರಿನ ಬಗ್ಗೆ ಎರಡು ಮಾತು. ಬಾಕ್ಸ್‌ಸ್ಟರ್‌ನ ಎರಡನೆಯ ಪೀಳಿಗೆ ಇದು, ಸಂಕೇತ 987. ಎರಡು ಸೀಟು, ಬಟ್ಟೆಯ ಮಾಡು, ಸೀಟಿನ ಬೆನ್ನಿಗೇ 2.9 ಲೀಟರಿನ ಆರು ಸಿಲಿಂಡರ್ ಎಂಜಿನ್. ನನ್ನದರ ಷಾಸಿ ಸಂಖ್ಯೆಯಲ್ಲಿ ‘ಯು’ ಅಕ್ಷರವಿದೆ. ಅಂದರೆ ಇದನ್ನು ಜೋಡಿಸಿದ್ದು ಜರ್ಮನಿಯಲ್ಲಲ್ಲ, ಫಿನ್ಲೆಂಡಿನ ಊಸಿಕೌಪುಂಕಿಯ ವಾಲ್ಮೆಟ್ ಕಾರ್ಖಾನೆಯಲ್ಲಿ. ಅರೇಬಿಕಾ ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಎರಡನೆಯ ಕೈಯಿಂದ ಕೊಂಡೆ. ಓಡಿರುವುದು 41,000 ಕಿಲೋಮೀಟರ್ ಮಾತ್ರ. ಇಷ್ಟು ಕಡಿಮೆ ಓಡಿದ ಕಾರಿಗೆ ಸಸ್ಪೆನ್ಷನ್ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರಿಗೆ ಓಡೋಮೀಟರ್ ಓದಲು ಬರುವುದಿಲ್ಲ. ಬಿಸಿಲು, ಗಾಳಿಯಲ್ಲಿನ ಓಝೋನ್, ಎಂಜಿನ್ ಶಾಖ, ಸುಮ್ಮನೆ ಕಳೆದ ವರ್ಷಗಳು, ಇಷ್ಟೇ ಸಾಕು ಅದು ಗಟ್ಟಿಯಾಗಿ ಬಿರುಕು ಬಿಡಲು. ಶೆಡ್ಡಿನಲ್ಲಿ ನಿಂತ ಕಾರೂ ಈ ವಿಷಯದಲ್ಲಿ ವಯಸ್ಸಾದದ್ದೇ.

ಲಕ್ಷಣಗಳು ಹೀಗಿದ್ದವು. ಆಲ್ದೂರಿನಿಂದ ಚಿಕ್ಕಮಗಳೂರಿಗೆ ಬರುವಾಗ ಪ್ರತಿ ಗುಂಡಿಗೂ ಮುಂದಿನ ಎಡಗಡೆಯಿಂದ ‘ಟಕ್’ ಎಂಬ ಸದ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಸ್ಪ್ರಿಂಗ್ ತಂತಿ ಮೀಟಿದಂಥ ಇನ್ನೊಂದು ಸದ್ದು. ಹಿಂದಿನ ಟೈರುಗಳ ಒಳ ಅಂಚು ಮಾತ್ರ ಸವೆದಿತ್ತು. ಎಲ್ಲಕ್ಕಿಂತ ಬೇಸರದ್ದೆಂದರೆ, ಕೈಮರದಿಂದ ಅತ್ತಿಗುಂಡಿಯ ಕಡೆ ಏರುವ ತಿರುವುಗಳಲ್ಲಿ ಕಾರು ಎರಡು ಹಂತದಲ್ಲಿ ವಾಲುತ್ತಿತ್ತು. ಮೊದಲು ಸ್ವಲ್ಪ, ಆಮೇಲೆ ಯೋಚಿಸಿ ಇನ್ನೊಂದಿಷ್ಟು.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಕುಳಿತು ಪರಿಹಾರ ಹೇಳಿದ: ‘ಅತ್ತೆ, ಬಿಲ್‌ಸ್ಟೈನ್ ಬಿ16 ಹಾಕಿಸಿ.’ ಎತ್ತರವನ್ನೂ ಗಡಸುತನವನ್ನೂ ಬೇಕಾದಂತೆ ಹೊಂದಿಸಿಕೊಳ್ಳುವ, ಹತ್ತು ಹಂತಗಳ ಗುಬುಟು ಇರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಸೆಟ್ ಅದು. ನನಗೆ ಸಿಕ್ಕ ಬೆಲೆ 2,90,000. ಹಾಸನದ ಮಾಲೀಕರಿಗೆ ಇದನ್ನು ಹೇಳಿದಾಗ ಅವರು ಕಾರಿನ ಹೊಟ್ಟೆಯ ಕೆಳಗೆ ಅಂಗೈ ತೂರಿಸಿ ತೋರಿಸಿದರು. ‘ಅಕ್ಕ, ಇಷ್ಟು ಜಾಗ ಇದೆ. ಇದರಲ್ಲಿ ಇನ್ನೂ ತಗ್ಗಿಸಿದರೆ ಬೇಲೂರಿನ ಹಂಪುಗಳನ್ನು ಯಾರು ದಾಟಿಸುತ್ತಾರೆ? ಗುಬುಟನ್ನು ಮೊದಲ ವಾರ ತಿರುಗಿಸುತ್ತೀರಿ, ಆಮೇಲೆ ಯಾರೂ ಮುಟ್ಟುವುದಿಲ್ಲ.’ ಅವರು ಸೂಚಿಸಿದ್ದು ಅದೇ ಕಂಪನಿಯ ಬಿ4, ಅಂದರೆ ಕಾರ್ಖಾನೆಯಿಂದ ಬಂದಂತೆಯೇ ಇರುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್); ಹಳೆಯ ಸ್ಪ್ರಿಂಗುಗಳೇ ಸಾಕು. ನಾಲ್ಕಕ್ಕೆ 1,36,000 ಆಯಿತು. ದುಬಾರಿಯದನ್ನು ಮಾರುವ ಅವಕಾಶ ಕೈಗೆ ಬಂದಾಗ ಅಗ್ಗದ್ದನ್ನು ಸೂಚಿಸುವ ಗ್ಯಾರೇಜು ಅಪರೂಪ. ಅಲ್ಲಿಗೇ ಕಾರನ್ನು ಒಪ್ಪಿಸುವುದೆಂದು ತೀರ್ಮಾನಿಸಿದೆ.

ಇನ್ನೊಂದು ಅದೃಷ್ಟ, ನನ್ನ ಕಾರಿನಲ್ಲಿ ಪಿಎಎಸ್‌ಎಂ ಇಲ್ಲ. ಅದು ಬಟನ್ ಒತ್ತಿದರೆ ಗಡಸಾಗುವ ಎಲೆಕ್ಟ್ರಾನಿಕ್ ಡ್ಯಾಂಪರ್ ವ್ಯವಸ್ಥೆ. ಹಳೆಯ ಬಾಕ್ಸ್‌ಸ್ಟರ್ ಕೊಳ್ಳುವವರು ಆ ಬಟನ್ ಇರುವ ಕಾರನ್ನು ಹುಡುಕುತ್ತಾರೆ. ಡ್ಯಾಂಪರ್ ಸೋರಿದ ದಿನ ಅದೇ ಬಟನ್ ಬಿಲ್ಲನ್ನೂ ಗಡಸು ಮಾಡುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಶಾಕ್ ಅಬ್ಸಾರ್ಬರ್ ಎಂದರೆ ಎಲ್ಲರಿಗೂ ಗೊತ್ತು, ಅಂದಾಜು ಮಾಡುವಾಗ ಅದರ ಬೆಲೆಯನ್ನಷ್ಟೇ ಹಿಡಿಯುತ್ತಾರೆ. ನನ್ನ ಬಿಲ್ಲಿನಲ್ಲಿ ಅದು ಅರ್ಧವೂ ಅಲ್ಲ. ಸ್ಟ್ರಟ್ಟಿನ ಮೇಲ್ತುದಿಯನ್ನು ಕಾರಿನ ಒಡಲಿಗೆ ಕೂರಿಸುವ ಮೌಂಟುಗಳು, ಮುಂದಿನವುಗಳ ಬೇರಿಂಗ್ ಸಮೇತ, 38,000. ಆ ತಂತಿ ಮೀಟಿದ ಸದ್ದು ಬರುತ್ತಿದ್ದುದು ಈ ಬೇರಿಂಗಿನಿಂದ. ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿ ಬಡಿಯದಂತೆ ತಡೆಯುವ ಮೆತ್ತೆ) ಮತ್ತು ಧೂಳಿನ ಕವಚ 14,000. ಹಳೆಯ ಬಂಪ್ ಸ್ಟಾಪನ್ನು ಹುಡುಗ ಹೊರತೆಗೆದಾಗ ಅವನ ಬೆರಳಿನಲ್ಲೇ ರಸ್ಕಿನಂತೆ ಪುಡಿಯಾಯಿತು. ಎಷ್ಟು ವರ್ಷದಿಂದ ಅದು ಇದ್ದೂ ಇಲ್ಲದಂತಿತ್ತೋ. ‘ಟಕ್’ ಸದ್ದಿನ ಮೂಲ ಆಂಟಿ ರೋಲ್ ಬಾರಿನ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಲಿಂಕ್ ರಾಡ್, ನಾಲ್ಕಕ್ಕೆ 16,000.

ಚಕ್ರವನ್ನು ಕಾರಿನ ಒಡಲಿಗೆ ಹಿಡಿದಿಡುವ ಕೆಳಗಿನ ತೋಳುಗಳದು, ಅಂದರೆ ಲೋಯರ್ ಆರ್ಮ್‌ಗಳದು, ಬೇರೆ ಕಥೆ. ಅಲ್ಯೂಮಿನಿಯಮ್ ತೋಳಿನ ಒಂದು ತುದಿಯಲ್ಲಿ ರಬ್ಬರ್ ಬುಷ್, ಇನ್ನೊಂದು ತುದಿಯಲ್ಲಿ ಗುಂಡಿನಂತೆ ಎಲ್ಲ ಕಡೆ ತಿರುಗುವ ಕೀಲು, ಬಾಲ್ ಜಾಯಿಂಟ್. ಬುಷ್ ಒಂದನ್ನೇ ಪೋರ್ಷೆ ಬೇರೆಯಾಗಿ ಮಾರುವುದಿಲ್ಲ, ಇಡೀ ತೋಳನ್ನೇ ಕೊಳ್ಳಬೇಕು. ನಮ್ಮ ತೋಟದ ಜೀಪಿಗಾದರೆ ಲೇತ್ ಅಂಗಡಿಯಲ್ಲಿ ಬುಷ್ ಒತ್ತಿಸಿ, ಸಂಜೆಗೆ ಮನೆಗೆ ಬರುತ್ತೇವೆ. ಇಲ್ಲಿಯೂ ಪಾಲಿಯುರೆಥೇನ್ ಬುಷ್ ತರಿಸಿ ಒತ್ತಿಸುವ ದಾರಿ ಇತ್ತು, ಖರ್ಚು ಮೂರನೆಯ ಒಂದು ಪಾಲಿಗೆ ಇಳಿಯುತ್ತಿತ್ತು. ಮಾಲೀಕರು ಬಾಲ್ ಜಾಯಿಂಟಿಗೆ ಸನ್ನೆಗೋಲು ಹಾಕಿ ಅಲ್ಲಾಡಿಸಿ ತೋರಿಸಿದರು; ಅದೂ ಸಡಿಲವಾಗಿತ್ತು. ಸಡಿಲ ಜಾಯಿಂಟಿರುವ ತೋಳಿಗೆ ಹೊಸ ಬುಷ್ ಒತ್ತಿಸುವುದು ದುಡ್ಡು ಉಳಿಸುವ ಲೆಕ್ಕವಲ್ಲ. ನಾಲ್ಕು ತೋಳು, ಒಂದಕ್ಕೆ 19,000ದಂತೆ 76,000. ಮುಂದಿನ ಎರಡು ಓರೆ ತೋಳುಗಳಿಗೆ 30,000. ಪೋರ್ಷೆ ಡಬ್ಬಿಯಲ್ಲಿ ಬರುವುದನ್ನು ತರಿಸಲಿಲ್ಲ. ಕೆಲವು ಟಿಆರ್‌ಡಬ್ಲ್ಯು ಹೆಸರಿನವು, ಕೆಲವು ಲೆಮ್‌ಫೋರ್ಡರ್ ಹೆಸರಿನವು. ಯಾವುದು ಉತ್ತಮ ಎಂದು ಜಗಳವಾಡುವವರಿಗೆ ಒಂದು ಸಂಗತಿ: ಈಗ ಎರಡೂ ಹೆಸರು ಜರ್ಮನಿಯ ಜೆಡ್‌ಎಫ್ ಕಂಪನಿಯವೇ.

ಉಳಿದ 9,000 ನಟ್ಟು ಬೋಲ್ಟಿಗೆ. ನಟ್ಟು ಬೋಲ್ಟಿಗೆ ಒಂಬತ್ತು ಸಾವಿರವೇ ಎಂದು ನಾನೂ ಹುಬ್ಬೇರಿಸಿದೆ. ಆದರೆ ಹಿಂದಿನ ಚಕ್ರಗಳ ಕೋನ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟುಗಳು ಮಲೆನಾಡಿನ ಮಳೆ ಕುಡಿದು ತಮ್ಮ ತೋಳಿನೊಳಗೇ ಕಚ್ಚಿಕೊಂಡಿದ್ದವು. ಒಂದನ್ನು ಎಣ್ಣೆ ಹಾಕಿ, ಬಿಸಿ ಮಾಡಿ, ಬೈದು ತೆಗೆದರು, ಇನ್ನೊಂದನ್ನು ಕತ್ತರಿಸಿದರು. ಈ ಬೋಲ್ಟು ತಿರುಗದಿದ್ದರೆ ಅಲೈನ್‌ಮೆಂಟ್ ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಅದು ತೋರಿಸುವ ತಪ್ಪನ್ನು ಓದಬಹುದು, ತಿದ್ದಲಾಗದು. ಹಿಂದಿನ ಟೈರಿನ ಒಳ ಅಂಚು ಸವೆದದ್ದಕ್ಕೆ ಇದೂ ಒಂದು ಕಾರಣ.

ಬಿಡಿಭಾಗಗಳನ್ನು ತರಿಸಿದ್ದು ಬೆಂಗಳೂರಿನ ಒಬ್ಬ ಆಮದುದಾರರ ಮೂಲಕ, ಪಕ್ಕಾ ಬಿಲ್ ಸಮೇತ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಕೊಟೇಷನ್ ಇಟ್ಟುಕೊಂಡಿರುವವರು ಹೊಸದನ್ನು ಕೇಳಿ ಪಡೆಯಿರಿ. ಆಮದು ಸುಂಕ, ಯೂರೋ ದರ ಮಾತ್ರ ನಮ್ಮ ಕೈಯಲ್ಲಿಲ್ಲ. ಇಂಥ ಕಾರಿನ ಬೆಲೆ ವರ್ಷವರ್ಷವೂ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಎರಡನೆಯ ಕೈಯ ಸ್ಪೋರ್ಟ್ಸ್ ಕಾರು ಅಗ್ಗವೆಂದು ಹಿಗ್ಗುವವರು ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಲಿ.

ಕೂಲಿ 32,000. ಇದರಲ್ಲಿ ಪ್ರತಿ ರೂಪಾಯಿಯೂ ಸಾರ್ಥಕ ಎನ್ನಿಸಿದ್ದು ಕೊನೆಯ ಬಿಗಿಯನ್ನು ನೋಡಿದಾಗ. ರಬ್ಬರ್ ಬುಷ್ ಎಂದರೆ ಬೇರಿಂಗಿನಂತೆ ತಿರುಗುವ ವಸ್ತುವಲ್ಲ. ಒಳಗಿನ ಲೋಹದ ಕೊಳವೆಗೆ ಅಂಟಿರುವ ರಬ್ಬರ್ ತಿರುಚಿಕೊಂಡು ಕೆಲಸ ಮಾಡುತ್ತದೆ. ಕಾರು ಲಿಫ್ಟಿನಲ್ಲಿ ಚಕ್ರ ಇಳಿಬಿಟ್ಟುಕೊಂಡು ನೇತಾಡುವಾಗಲೇ ಬೋಲ್ಟು ಬಿಗಿದರೆ, ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ, ಬೇಗ ಹರಿಯುತ್ತದೆ. ಅವಸರದ ಗ್ಯಾರೇಜುಗಳು ಮಾಡುವುದು ಇದನ್ನೇ, ಏಕೆಂದರೆ ನೇತಾಡುವ ಕಾರಿನ ಕೆಳಗೆ ಕೈ ಸುಲಭವಾಗಿ ಹೋಗುತ್ತದೆ. ಇಲ್ಲಿ ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ, ನಾಲ್ಕು ಚಕ್ರಗಳ ಮೇಲೆ ಅದರ ಭಾರ ಬಿಟ್ಟು, ಕೆಳಗಿನಿಂದ ಬಿಗಿಯ ಬಲ ಅಳೆಯುವ ಟಾರ್ಕ್ ರೆಂಚಿನಲ್ಲಿ ಒಂದೊಂದೇ ಬೋಲ್ಟು ಬಿಗಿದರು. ಬಿಗಿದದ್ದಕ್ಕೆಲ್ಲ ಬಿಳಿ ಬಣ್ಣದ ಗೆರೆ. ಹುಡುಗನೊಬ್ಬ ಗೆರೆ ಮರೆತದ್ದಕ್ಕೆ ಅವನಿಂದ ಆ ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿಸಿದರು.

ಅಲೈನ್‌ಮೆಂಟಿಗೆ ಮೊದಲು ಟ್ಯಾಂಕ್ ತುಂಬಿಸಿಕೊಂಡು ಬನ್ನಿ ಎಂದರು. ಪೆಟ್ರೋಲ್ ಮಾರುವವರ ಮಾತಿನಂತೆ ಕೇಳಿಸಿತು, ಆದರೆ ಕಾರಣವಿದೆ: ಪೋರ್ಷೆಯ ಅಳತೆಗಳೆಲ್ಲ ತುಂಬಿದ ಟ್ಯಾಂಕಿನ, ಚಾಲಕರಿಲ್ಲದ ಕಾರಿನ ಅಳತೆಗಳು. 3,500 ರೂಪಾಯಿಗೆ ಹಿಂದಿನ ಮತ್ತು ಈಗಿನ ಅಂಕಿಗಳ ಮುದ್ರಿತ ಹಾಳೆ ಕೊಟ್ಟರು. ಬೋನಸ್ಸಾಗಿ ಮುಂದಿನ ಬಂಪರಿನ ಎರಡೂ ಮೂಲೆಗಳ ರೇಡಿಯೇಟರುಗಳ ಮುಂದೆ ಸಿಕ್ಕಿದ್ದ ಸಿಲ್ವರ್ ಓಕ್ ಎಲೆಗಳನ್ನು ತೆಗೆದು ಒಂದು ಚೀಲ ತುಂಬಿಸಿದ್ದರು. ಬಾಕ್ಸ್‌ಸ್ಟರ್ ಇಟ್ಟುಕೊಂಡ ಪ್ಲಾಂಟರುಗಳು ಬೇರೇನೂ ಮಾಡದಿದ್ದರೂ ಇದನ್ನು ಮಾಡಿಸಿ.

ಫಲಿತಾಂಶ? ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದೆ. ಎರಡು ಹಂತದ ವಾಲುವಿಕೆ ಹೋಗಿದೆ. ತಿರುವಿಗೆ ಒಮ್ಮೆ ಒರಗಿದರೆ ಅಲ್ಲೇ ನಿಲ್ಲುತ್ತದೆ. ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಾಗುವುದಿಲ್ಲ. ನನಗೆ ಅಚ್ಚರಿ ತಂದದ್ದು ಬೇರೆ: ಕಾರು ಮೊದಲಿಗಿಂತ ಮೃದುವಾಗಿದೆ. ಹೊಸ ಸಸ್ಪೆನ್ಷನ್ ಎಂದರೆ ಗಡಸು ಎಂದುಕೊಳ್ಳುವವರಿದ್ದಾರೆ. ಸತ್ತ ರಬ್ಬರ್ ಮತ್ತು ಇಲ್ಲದ ಬಂಪ್ ಸ್ಟಾಪ್‌ಗಿಂತ ಗಡಸು ಯಾವುದೂ ಇಲ್ಲ.

ದೂರುಗಳೂ ಇವೆ. ಹೇಳಿದ ದಿನಕ್ಕಿಂತ ಒಂದು ವಾರ ತಡ. ಫೋನ್ ಎತ್ತುವುದಿಲ್ಲ, ಎತ್ತಿದರೆ ‘ಆಗುತ್ತಿದೆ ಅಕ್ಕ’ ಎಂಬುದರ ಆಚೆ ಮಾಹಿತಿಯಿಲ್ಲ. ಕೂಲಿಯ ಬಿಲ್ಲನ್ನು ಎರಡು ಬಾರಿ ಕೇಳಿ ಬರೆಸಿಕೊಳ್ಳಬೇಕಾಯಿತು. ಬಾಗಿಲಿನ ಒಳಬದಿಯಲ್ಲಿ ಗ್ರೀಸ್ ಬೆರಳಚ್ಚು. ಕೂರಲು ಜಾಗವೆಂದರೆ ಒಂದು ಹಳೆಯ ಇಂಡಿಕಾ ಸೀಟು. ಆದರೆ ತೆಗೆದ ಹಳೆಯ ಭಾಗಗಳನ್ನೆಲ್ಲ ಕೇಳದೆಯೇ ಗೋಣಿಚೀಲದಲ್ಲಿ ಕಟ್ಟಿಕೊಟ್ಟರು. ಇದಕ್ಕೆ ನಾನು ಗ್ರೀಸನ್ನು ಮನ್ನಿಸುತ್ತೇನೆ, ಫೋನನ್ನಲ್ಲ.

ಒಟ್ಟಿಗೆ ಇಷ್ಟು ಹಣ ಹಾಕಲಾಗದವರು ಕೆಲಸವನ್ನು ಎರಡು ಕಂತು ಮಾಡಬಹುದು, ಆದರೆ ಸೀಳುವ ಜಾಗ ಸರಿಯಿರಬೇಕು. ಡ್ಯಾಂಪರ್, ಮೌಂಟ್, ಬಂಪ್ ಸ್ಟಾಪ್ ಒಂದು ಕಂತು. ಸ್ಟ್ರಟ್ ಒಮ್ಮೆ ಬಿಚ್ಚಿದ ಮೇಲೆ ಅದರೊಳಗಿನ ಯಾವುದನ್ನೂ ಹಳೆಯದು ಬಿಡಬೇಡಿ, ಕೂಲಿ ಎರಡು ಸಲ ಬೀಳುತ್ತದೆ. ತೋಳುಗಳು, ಲಿಂಕ್ ರಾಡ್ ಇನ್ನೊಂದು ಕಂತು. ಡ್ಯಾಂಪರ್ ಎಣ್ಣೆ ಸೋರುತ್ತಿಲ್ಲವಾದರೆ ನಾನು ತೋಳುಗಳಿಂದ ಶುರು ಮಾಡುತ್ತಿದ್ದೆ. ಪ್ರತಿ ಕಂತಿಗೂ ಅಲೈನ್‌ಮೆಂಟ್ ಬೇರೆ ಮಾಡಿಸಬೇಕು.

ನನ್ನ ಕಾರಿನ ಹಿಂದಿನ ಓರೆ ತೋಳುಗಳನ್ನು ಈ ಸಲ ಬದಲಿಸಿಲ್ಲ, ಮುಂದಿನ ವರ್ಷ ನೋಡೋಣ ಎಂದಿದ್ದಾರೆ. ಪರೀಕ್ಷೆಗೆ 1,500 ತೆಗೆದುಕೊಳ್ಳುತ್ತಾರೆ, ಕೆಲಸ ಅಲ್ಲೇ ಮಾಡಿಸಿದರೆ ಕೂಲಿಯಲ್ಲಿ ವಜಾ ಮಾಡುತ್ತಾರೆ. ಭಾನುವಾರ ರಜೆ. ಮೇ ತಿಂಗಳಲ್ಲಿ ಹೋಗಬೇಡಿ, ಮಳೆಗೆ ಮುಂಚೆ ಇಡೀ ಮಲೆನಾಡಿನ ಜೀಪುಗಳು ಅಲ್ಲೇ ಸಾಲುಗಟ್ಟಿರುತ್ತವೆ.