ವಿಜಯಪುರದ ಸೀತನಿ ಹೊಲ: ತೆನಿ ಭೇಷ್, ಬಡಿಸುವುದು ತಡ

ಎಳ್ಳ ಅಮವಾಸಿ ಹತ್ತಿರ ಬಂತೆಂದರೆ ವಿಜಯಪುರದ ಸುತ್ತಲಿನ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಸೀತನಿ, ಅಂದರೆ ಹಸಿ ಜೋಳದ ತೆನಿಯನ್ನು ಕೆಂಡದಲ್ಲಿ ಸುಟ್ಟು ಬಿಡಿಸಿದ ಕಾಳು, ಶುರು. ಹೊಲ ಇದ್ದವರ ಮನೆ ಹುಡುಗರಿಗೆ ಇದು ಪುಕ್ಕಟೆ ತಿನಿಸು. ಹೊಲ ಬಿಟ್ಟು ಊರು ಸೇರಿದವರಿಗಾಗಿ ಈಗ ತಲೆಗಿಷ್ಟು ರೊಕ್ಕ ಎಂದು ತಿನ್ನಿಸುವ ಜಾಗಗಳೂ ಆಗಿವೆ. ಸೋಲಾಪುರ ರಸ್ತೆ ಕಡೆಗಿರುವ ಅಂಥದೊಂದು ಹೊಲದ ಬಗ್ಗೆ ಇದು. ದೊಡ್ಡವರಿಗೆ 250 ರೂಪಾಯಿ, ಹುಡುಗರಿಗೆ ಅರ್ಧ. ಚಕ್ಕಡಿ ಸವಾರಿ, ಜೋಕಾಲಿ, ಫೋಟೊಕ್ಕೆಂದು ಕಟ್ಟಿಟ್ಟ ಗುಡಿಸಲು ಎಲ್ಲ ಇವೆ, ಅವನ್ನು ಬಿಡಿ. ರೊಕ್ಕ ಕೊಡುವುದು ತೆನಿಗೆ ಮತ್ತು ಕೆಂಡಕ್ಕೆ.

ತೆನಿಯಲ್ಲಿ ಇವರು ಮೋಸ ಮಾಡಿಲ್ಲ. ರೊಟ್ಟಿಗೆ ಬೆಳೆದ ಮಾಲದಂಡಿ ಜೋಳವನ್ನೇ ಹಸಿಯಿದ್ದಾಗ ಕೊಯ್ದು ಸುಟ್ಟು ಕೊಡುವವರು ಬಹಳ. ಅದನ್ನೂ ತಿನ್ನಬಹುದು, ಆದರೆ ಸಿಹಿ ಕಡಿಮೆ. ಇಲ್ಲಿ ಸೀತನಿಗೆಂದೇ ಸಕ್ಕರಿ ಮುಕ್ಕರಿ ಜೋಳವನ್ನು ಬೇರೆ ಪಟ್ಟಿಯಲ್ಲಿ ಬಿತ್ತಿದ್ದಾರೆ, ಅದೂ ಒಂದೇ ಸಲಕ್ಕಲ್ಲ, ಕೆಲವು ದಿನ ಬಿಟ್ಟು ಬಿಟ್ಟು ಮೂರು ಸಲ. ಇದು ಅನುಭವದ ಜಾಣತನ. ಕಾಳು ಸೀತನಿಯ ಹದದಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಒಮ್ಮೆಲೇ ಬಿತ್ತಿದರೆ ಸಂಕ್ರಾಂತಿಗೆ ಬಂದವರ ತಾಟಿಗೆ ಬಲಿತ ಕಾಳು ಬೀಳುತ್ತದೆ. ಹದ ತಿಳಿಯಲು ಕಾಳನ್ನು ಉಗುರಿನಿಂದ ಚಿವುಟಿ ನೋಡಿ. ಹಾಲು ಚಿಮ್ಮಿದರೆ ಎಳೆಯದು, ಕೆಂಡದಲ್ಲಿ ಸುಕ್ಕಿ ಸಿಪ್ಪಿಗೆ ಅಂಟಿಕೊಳ್ಳುತ್ತದೆ. ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಸರಿ. ಉಗುರೇ ಇಳಿಯದಿದ್ದರೆ ಅದು ರಾಶಿಗೆ ಹೋಗುವ ಕಾಳು. ಸುಡುವ ಮುಂಚೆ ಒಂದು ತೆನಿ ಕೈಗೆ ಕೊಡಿರೆಂದು ಕೇಳಿದರೆ ಇಲ್ಲ ಅನ್ನುವುದಿಲ್ಲ.

ಸುಡುವ ಕುಣಿ ಗೇಣು ಆಳದ್ದು. ಕುಳ್ಳು (ಬೆರಣಿ) ಹಚ್ಚಿ, ಹೊಗೆ ಪೂರಾ ನಿಂತು, ಮೇಲೆ ತೆಳ್ಳಗೆ ಬೂದಿ ಕೂತ ಮೇಲೆಯೇ ತೆನಿ ಇಡುತ್ತಾರೆ. ಉರಿ ಇರುವಾಗ ಇಟ್ಟರೆ ಮೇಲೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಗೇಣುದ್ದ ದಂಟು ಬಿಟ್ಟು ಕೊಯ್ದ ತೆನಿಗಳನ್ನು ನಾಲ್ಕೈದರಂತೆ ತಲೆಕೆಳಗಾಗಿ ಕೆಂಡದಲ್ಲಿ ಹುಗಿದು, ದಂಟು ಹಿಡಿದು ತಿರುವುತ್ತಾ ಇರಬೇಕು. ಒಳಗೆ ಚಟಪಟ ಸಪ್ಪಳ ಶುರುವಾದರೆ ಎತ್ತುವ ಹೊತ್ತು. ಎತ್ತಿದ ಬಿಸಿಯಲ್ಲೇ ಗೋಣಿಚೀಲದಲ್ಲಿ ಸುತ್ತಿ ತಿಕ್ಕಬೇಕು. ಆರಿದರೆ ಕಾಳು ಸಿಪ್ಪಿ ಬಿಡುವುದಿಲ್ಲ. ಆಮೇಲೆ ಮರದಲ್ಲಿ (ಮೊರದಲ್ಲಿ) ಕೇರಬೇಕು. ಇಲ್ಲಿ ಕೇರುವ ಅಜ್ಜಿಯ ಕೈ ನೋಡುವಂಥದ್ದು: ಮೂರು ಸಲ ಮರ ಕುಣಿಸಿ, ಒಮ್ಮೆ ಉಫ್ ಎಂದು ಊದಿದರೆ ಹಸಿರು ಮುತ್ತಿನಂಥ ಕಾಳು ಮಾತ್ರ ಉಳಿದಿರುತ್ತದೆ. ಸುಂಕು (ಕಾಳಿನ ಹೊಟ್ಟು) ಉಳಿದರೆ ಗಂಟಲಿಗೆ ಚುಚ್ಚಿ ಕೆಮ್ಮು ಬರುತ್ತದೆ, ಹುಡುಗರಿಗಂತೂ ಮತ್ತೆ ತಿನ್ನುವ ಮನಸ್ಸೇ ಆಗುವುದಿಲ್ಲ.

ಕೆಡುವುದು ಇದರ ಮುಂದೆ. ರವಿವಾರ ಮಂದಿ ಹೆಚ್ಚಾದಾಗ ಕೇರಿದ ಸೀತನಿಯನ್ನು ಸ್ಟೀಲ್ ಡಬರಿಯಲ್ಲಿ ಕೂಡಿ ಹಾಕಿ, ಮುಚ್ಚಿಟ್ಟು, ಪಂಕ್ತಿ ಹಿಡಿದು ಬಡಿಸುತ್ತಾರೆ. ಮುಚ್ಚಿದ ಡಬರಿಯಲ್ಲಿ ಕಾಳು ಬೆವರಿ ಮೆತ್ತಗೆ ಜಿಬುಟಾಗುತ್ತದೆ, ಹೊಗೆಯ ಪರಿಮಳವೂ ಹೋಗುತ್ತದೆ. ಆದ್ದರಿಂದ ಪೆಂಡಾಲಿನೊಳಗೆ ಕೂರಬೇಡಿ. ಕುಣಿಯ ಹತ್ತಿರ ಹೋಗಿ ನಿಂತು ಮರದಿಂದ ನೇರ ಬೊಗಸೆಗೆ ಹಾಕಿಸಿಕೊಳ್ಳಿ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಹೋದರೆ ಈ ತಕರಾರೇ ಇಲ್ಲ.

ಜೊತೆಗೆ ಕೊಡುವುದರಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಅಚ್ಚುಕಟ್ಟು, ಒರಳಲ್ಲಿ ಕುಟ್ಟಿದ್ದು, ಎಣ್ಣೆ ಬಿಟ್ಟುಕೊಂಡು ಉಂಡೆ ಕಟ್ಟುವಷ್ಟು. ಗುರೆಳ್ಳು ಹಿಂಡಿ ಅಂಗಡಿಯದು, ಹಳೆ ವಾಸನೆ. ಬೆಲ್ಲ, ಕೊಬ್ಬರಿ ತುರಿ ಸಾಕಷ್ಟು. ಸೇವು, ಸಕ್ಕರೆ ಕಲಸಿ ಕೊಡುವ ಹೊಸ ರೂಢಿ ಮಾತ್ರ ಬೇಡವೆನ್ನಿ. ಒಳ್ಳೆ ತೆನಿಗೆ ಅದರ ಹಂಗಿಲ್ಲ, ಬಲಿತ ಕಾಳು ಮುಚ್ಚಿಡಲು ಅದು ಅನುಕೂಲ ಅಷ್ಟೇ. ಊಟಕ್ಕೆ ಕಟಕ ರೊಟ್ಟಿ, ಝುಣಕ, ಮಜ್ಜಿಗೆ. ಹಸಿಯಾಗಿ ತಿನ್ನುವ ಹಕ್ಕರಕಿ ಸೊಪ್ಪು ಕೇಳಿದವರಿಗಷ್ಟೇ ಕೊಡುತ್ತಾರೆ, ಕೇಳಿ. ಬದುವಿನಾಚೆ ಕಡಲೆ ಇದೆ. ಸುಲಗಾಯಿ (ಹಸಿ ಕಡಲೆಕಾಯಿ) ಕಿತ್ತು ತಿನ್ನಲು ಅಡ್ಡಿಯಿಲ್ಲ. ಆದರೆ ಬೆಳಗಿನ ಇಬ್ಬನಿಯಲ್ಲಿ ಗಿಡದ ಹುಳಿ ಕೈಕಾಲಿಗೆ ಹತ್ತಿ ಉರಿಯುತ್ತದೆ. ಮಕ್ಕಳಿಗೆ ತುಂಬುದೋಳಿನ ಅಂಗಿ, ಮುಚ್ಚಿದ ಚಪ್ಪಲಿ ಇರಲಿ. ಎರಿ ಬಿರುಕಿನಲ್ಲಿ ಸಣ್ಣ ಕಾಲು ಸಿಕ್ಕಿಕೊಳ್ಳುತ್ತದೆ.

ಸುಟ್ಟ ಸೀತನಿಯ ಪಾರ್ಸಲ್ ತರಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ನೀರೊಡೆದು, ಸಂಜೆಗೆ ಜಿಬುಟಾಗಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ದಂಟು ಸಮೇತ ಹಸಿ ತೆನಿ ಕೇಳಿ, ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಒದ್ದೆ ಅರಿವಿ (ಬಟ್ಟೆ) ಸುತ್ತಿ ತಂದು ಅವತ್ತೇ ಇದ್ದಿಲ ಸಿಗಡಿ (ಒಲೆ) ಮೇಲೆ ಸುಡಿ, ಗ್ಯಾಸಿನ ಉರಿಗೆ ಹಿಡಿಯಬೇಡಿ. ದೊಡ್ಡ ತೆನಿಯೊಂದಕ್ಕೆ ಸುಮಾರು ಒಂದು ಹಿಡಿ ಕಾಳು ಎಂದು ಲೆಕ್ಕ ಹಾಕಿ ತನ್ನಿ.